ಬಾಣಂತಿ ಕೆಂಡ

ಥಂಡಿ ಅಂದ್ರ ಥಂಡಿ ಅಲ್ಲ ಅದು, ಸುಡುಗಾಡು! ಮೊದಲ ನಮ್ಮ ಶಹಾಪುರದಾಗ ಇಷ್ಟು ಥಂಡಿ ಎಲ್ಲಿತ್ತು? ಕಾಲುವಿ ನೀರು ಬಂದು ಸುತ್ತ ಭತ್ತದ ಗದ್ದಿ ಆದಮ್ಯಾಗ ಮುಂಜಾನಿ ಮಂಜಿನಾಗ ಎದುರಿಗಿನ ಬೇವಿನಗಿಡಾನೂ ಕಾಣಂಗಿಲ್ಲ.

ನಮ್ಮ ವೃದ್ಧಾಶ್ರಮ ಆ ಗದ್ದಿ ದಂಡಿಗೇ ಅದ. ಒಂದು ಖೋಲ್ಯಾಗ ಮೂರು ಹೊರಸು. ನಾನು ಮೋನಮ್ಮ, ಸುರಪುರ ಕಡಿ ಸೂಲಗಿತ್ತಿ ದುರಗಮ್ಮ, ಮತ್ತ ಮಲ್ಲಿಕಮ್ಮ. ಮಲ್ಲಿಕಮ್ಮಗ ವಾರದಿಂದ ಕೆಮ್ಮು, ನಡುಕ. ಆಕಿ ಹಲ್ಲು ಕಟಕಟ ಅನ್ನೂದು ಕೇಳಿ ನನಗ ಕುಂತಲ್ಲಿ ಕುಂದ್ರಾಕ ಆಗವಲ್ದು. ಹೊರಗ ಹೋಗೂದು, ಒಳಗ ಬರೂದು, ಅದೇ ಆತು.

"ಒಂದ ಕಡಿ ಕುಂದ್ರವ್ವ ತಾಯಿ! ಬಾಗಲಾ ತಗದು ತಗದು ಥಂಡಿ ಒಳಗ ಬಿಡಾಕತ್ತಿ," ಅಂತ ದುರಗಮ್ಮ ಬೈದಳು.

ಆಮ್ಯಾಗ ತಾನೇ ಎದ್ದು ಅಡಗಿಮನಿಯಿಂದ ಕಬ್ಬಿಣ ಬುಟ್ಟಿ ತುಂಬ ಕೆಂಡ ತಂದು ಮಲ್ಲಿಕಮ್ಮನ ಹೊರಸಿನ ಬುಡಕ ಇಟ್ಟಳು. ಬಾಣಂತ್ಯಾರಿಗೆ ಇಡತಾರಲ್ಲ, ಹಂಗ. ಕಿಡಕಿ ಹಾಕಿದಳು. ಬಾಗಲಾ ಸಂದಿಗೆ ಗೋಣಿಚೀಲ ತುರುಕಿದಳು.

"ಹೊಗಿ ಆಗ್ತದ, ಕಿಡಕಿ ಜರಾ ತಗಿ," ಅಂದೆ.

"ಹೊಗಿ ಎಲ್ಲ್ಯದ? ನಿಗಿನಿಗಿ ಕೆಂಡ ಅವ. ಎಷ್ಟ ಮಂದಿ ಬಾಣಂತ್ಯಾರನ್ನ ಹಿಂಗ ಕಾಸೇನಿ, ನನ್ನ ಕೈಯಾಗ ಒಬ್ಬಾಕಿ ಕೆಟ್ಟಿಲ್ಲ. ನೀ ನನಗ ಕಲಸಾಕ ಬರಬ್ಯಾಡ."

ಖರೇನ, ಹೊಗಿ ಇರಲಿಲ್ಲ. ಮಲ್ಲಿಕಮ್ಮನ ನಡುಕಾನೂ ನಿಂತಿತ್ತು. "ಬೆನ್ನಿಗೆ ಹಿತ ಆತು ದುರಗಿ," ಅಂದಳು. ನನಗ ಮಾತ್ರ ತಲಿ ಸಿಡ್ಯಾಕತ್ತು, ಹೊಟ್ಟಿ ತೊಳಸಾಕತ್ತು. ದುರಗಮ್ಮನ ಮ್ಯಾಗಿನ ಸಿಟ್ಟಿಗೇ ಹಿಂಗಾಗ್ಯದ ಅನಕೊಂಡೆ. "ಮಣ್ಣಾಗ ಹೋಗ್ರಿ! ಈ ಖೋಲ್ಯಾಗ ನಾ ಕಾಲಿಡಂಗಿಲ್ಲ," ಅಂದು ಚೀಲ ಒದ್ದು ಹೊರಗ ಬಂದೆ. ನನ್ನ ಹಿಂದ ಆಕಿ ಮತ್ತ ಬಾಗಲಾ ಹಾಕಿ ಚೀಲ ತುರುಕಿದಳು.

ಕಟ್ಟಿ ಮ್ಯಾಗ ಕುಂತೆ. ಅಡಗಿ ಮಾಡೋ ಸಾಬಣ್ಣ ಚಾ ಕೊಟ್ಟ. ಅರ್ಧಾ ಕುಡಿಯೂದ್ರಾಗ ತಲಿ ಹಗುರಾತು. ಸಿಟ್ಟು ಮಾತ್ರ ಹಂಗೇ ಇತ್ತು, ಜಾಸ್ತಿನ ಆಗಿತ್ತು! ಮತ್ತ ತಲಿನೋವು ಎಲ್ಲಿ ಹೋತು? ಸಿಟ್ಟಿಂದಲ್ಲ ಅಂದ್ರ ಅದು ಆ ಖೋಲಿದು. ಎದ್ದೆ, ಕುಂತೆ, ಮತ್ತ ಎದ್ದೆ. ಕಾಲಿಡಂಗಿಲ್ಲ ಅಂದೇನಿ, ಹೋದ್ರ ದುರಗಿ ನಗತಾಳ. ನಕ್ರ ನಗಲಿ, ಮುದಕಿ!

ಕಿಡಕಿ ಬಡದೆ. "ದುರಗೀ!" ಮಾತಿಲ್ಲ. ಸಿಟ್ಟು ಬಂದ್ರ ಆಕಿ ಹಂಗೇ, ಮಾತಾಡಂಗಿಲ್ಲ. "ಏ ಮಲ್ಲಿಕಮ್ಮ!" ಕೆಮ್ಮೂ ಇಲ್ಲ. ವಾರದಿಂದ ನಿಲ್ಲದ ಕೆಮ್ಮು!

"ಸಾಬಣ್ಣಾ, ಓಡಿ ಬಾರೋ!"

ಅವ ಹೆಗಲು ಕೊಟ್ಟು ಬಾಗಲಾ ದೂಡಿದ. ದುರಗಮ್ಮ ಹೊರಸಿನ ಕಾಲಿಗೆ ಒರಗಿ ಬಿದ್ದಿದ್ದಳು. ಮಲ್ಲಿಕಮ್ಮ ಬಾಯಿ ತೆರಕೊಂಡು ಮಲಗಿದ್ದಳು, ಎಬ್ಬಿಸಿದ್ರ ಏಳವಲ್ಲಳು. ಇಬ್ಬರನ್ನೂ ಎಳದು ಅಂಗಳದಾಗ ಹಾಕಿದಿವಿ. "ಉಸರಾಡ್ರೇ ನಮ್ಮವ್ವಗಳ್ರಾ," ಅಂತ ಕೆನ್ನಿ ಬಡದೆ. ಮಣ್ಣಾಗ ಹೋಗ್ರಿ ಅಂದ ನನ್ನ ಬಾಯಿಗೆ ಬೆಂಕಿ ಬೀಳ್ಲಿ ಅಂತ ಅತ್ತೆ.

ಮೊದಲ ದುರಗಮ್ಮ ವಾಂತಿ ಮಾಡಕೊಂಡಳು. ಕಣ್ಣು ಬಿಟ್ಟಾಕಿನೇ "ಮಲ್ಲಿ?" ಅಂದಳು. ಬಾಳ ಹೊತ್ತಿನ ಮ್ಯಾಗ ಮಲ್ಲಿಕಮ್ಮ ಕೆಮ್ಮಿದಳು. ಅಷ್ಟು ಚಂದದ ಕೆಮ್ಮು ನಾ ಹುಟ್ಟಿ ಕೇಳಿಲ್ಲ.

ದವಾಖಾನ್ಯಾಗ ಡಾಕ್ಟರು ಬೈದ್ರು. "ಹೊಗಿ ಇಲ್ಲಂದ್ರೂ ಕೆಂಡದಿಂದ ವಿಷಗಾಳಿ ಬರ್ತದ, ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ. ಹಿಂದಿನ ಕಾಲದ ಮನಿಗೆ ಹಂಚಿನ ಸಂದ್ಯಾಗ ಗಾಳಿ ಆಡತಿತ್ತು. ಇದು ಸ್ಲ್ಯಾಬಿನ ಖೋಲಿ. ಮುಚ್ಚಿದ್ರ ಮುಗೀತು."

ಮರುದಿನ ಸಂಜಿಗೆ ಆಶ್ರಮಕ್ಕ ತಿರುಗಿ ಬಂದ್ವಿ. ಕೆಂಡ ಹೊರಗ ಉಳೀತು, ಕಿಡಕಿ ಜರಾ ತೆರೆದಿತ್ತು. ಮಲ್ಲಿಕಮ್ಮಗ ಮತ್ತ ನಡುಕ. ಎರಡು ಕೌದಿ ಹೊಚ್ಚಿದೆ, ಸಾಲವಲ್ದು. ದುರಗಮ್ಮ ಗ್ವಾಡಿ ಕಡಿ ಮುಖಾ ಮಾಡಿ ಕುಂತಿದ್ದಳು.

"ಆಕಿ ಕಾಲು ಜರಾ ತಿಕ್ಕೇ," ಅಂದೆ.

"ನಾ ಮುಟ್ಟಂಗಿಲ್ಲ. ನನ್ನ ಕೈ ಕೆಟ್ಟದ. ಇನ್ನ ಯಾರನ್ನೂ ಮುಟ್ಟಂಗಿಲ್ಲ."

ಮಲ್ಲಿಕಮ್ಮ ಕೌದಿ ಸೆರಗು ಎತ್ತಿ ಹಿಡದಳು. "ಬಾ, ಇಲ್ಲಿ ಮಲಕೋ."

"ಬ್ಯಾಡ ಮಲ್ಲಿ."

"ಥಂಡಿ ಒಳಗ ಬರಾಕತ್ತದ. ಲಗೂ ಬಾರೇ, ನಾಟಕ ಮಾಡಬ್ಯಾಡ."

ದುರಗಮ್ಮ ಅಳಕೋತ ಎದ್ದು ಆಕಿ ಮಗ್ಗಲಾಗ ಸೇರಿದಳು. ಕೈ ಎರಡೂ ಕಂಕುಳಾಗ ಹುದಗಿಸಿ ಹಿಡಕೊಂಡಿದ್ದಳು. ಮಲ್ಲಿಕಮ್ಮ ಅವನ್ನ ಬಿಡಿಸಿ ತಗೊಂಡು, ಕೆಮ್ಮಿ ಕೆಮ್ಮಿ ಸೋತ ತನ್ನ ಎದಿ ಮ್ಯಾಗ ಇಟಗೊಂಡಳು.