ದೊಡ್ಡಮ್ಮನ ಕೋಣೆಯಲ್ಲಿ

ನಾನೂ ಅಣ್ಣನೂ ಬೆಳೆದ ಮಕ್ಕಳ ನಿಲಯದಲ್ಲಿ ಅಮ್ಮ ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ನಿಲಯ ನಡೆಸುತ್ತಿದ್ದವರನ್ನು ಎಲ್ಲರೂ ದೊಡ್ಡಮ್ಮ ಎಂದು ಕರೆಯಬೇಕು. ದೊಡ್ಡಮ್ಮನೇ ಇರುವಾಗ ಬರೀ ಅಮ್ಮ ಯಾತಕ್ಕೆ ಎಂದು ಗುಬ್ಬಿ ಎಂಬ ಗೆಳತಿ ಒಮ್ಮೆ ಪ್ರಾರ್ಥನೆಯ ನಡುವೆ ಪಿಸುಗುಟ್ಟಿ ನನ್ನನ್ನು ನಗಿಸಿದ್ದಳು. ಅದಕ್ಕೆ ಇಬ್ಬರೂ ಗೋಡೆಗೆ ಮುಖ ಮಾಡಿ ಕೈ ಮೇಲೆತ್ತಿ ನಿಂತೆವು. ತೋಳು ಮರಗಟ್ಟಿದ ಮೇಲೆ ಏನೂ ಗೊತ್ತಾಗುವುದಿಲ್ಲ. ಇಳಿಸುವಾಗ ಮಾತ್ರ ಜೀವ ಹೋದಂತಾಗುತ್ತದೆ.

ದೊಡ್ಡಮ್ಮ ಯಾರಿಗೂ ಹೊಡೆದವರಲ್ಲ, ದನಿ ಎತ್ತಿದವರೂ ಅಲ್ಲ. ಸದ್ದಿಲ್ಲದೆ ಹಿಂದಿನಿಂದ ಬಂದು ಕುತ್ತಿಗೆಯ ಮೇಲೆ ಕೈ ಇಡುತ್ತಿದ್ದರು. ಏನು ತಪ್ಪು ಮಾಡಿದ್ದೇವೆಂದು ನಾವೇ ಹುಡುಕಿಕೊಂಡು ಒಪ್ಪಿಸಬೇಕು. ಏನೂ ಮಾಡಿರದಿದ್ದರೂ ಏನಾದರೊಂದು ಹೊಳೆಯುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ದೂರದ ಬಟ್ಟೆ ಗಿರಣಿಯಲ್ಲಿ ಕೆಲಸ ಸಿಕ್ಕಿತ್ತು. ಗಿರಣಿಯವರು ಹೆಂಗಸರಿಗೆ ಕೊಡುತ್ತಿದ್ದದ್ದು ತಲೆಗೊಂದು ಮಂಚ, ಅಷ್ಟೆ. ಮನೆ ಸಿಕ್ಕಿದ ಕೂಡಲೇ ಬರುತ್ತೇನೆಂದು ನಮ್ಮನ್ನು ನಿಲಯದಲ್ಲಿ ಬಿಟ್ಟು ಹೋದಳು. ಮನೆ ಸಿಗಲು ವರ್ಷಗಳೇ ಹಿಡಿದವು. ನಡುವೆ ನೋಡಲು ಬಂದಾಗಲೆಲ್ಲ, ಮಕ್ಕಳ ಮನಸ್ಸು ಕದಡಬೇಡಿ ಎಂದು ಅವಳನ್ನು ಗೇಟಿನಿಂದಲೇ ವಾಪಸು ಕಳಿಸುತ್ತಿದ್ದರಂತೆ. ನಮಗೆ ಹೇಳಿದ್ದೇ ಬೇರೆ. ಹೆತ್ತವಳು ಲೋಕದ ಆಸೆಗೆ ಬಿದ್ದು ನಮ್ಮನ್ನು ತೊರೆದಳು, ದೇವರು ಕೈಹಿಡಿದ. ದಿನಾ ಸಂಜೆ ಅವಳ ಪಾಪಕ್ಕೆ ನಾವು ಕ್ಷಮೆ ಬೇಡಬೇಕಿತ್ತು. ಅಣ್ಣನ ಕಂಠ ಚೆನ್ನಾಗಿತ್ತು, ಅವನೇ ಹೇಳಿಕೊಡುತ್ತಿದ್ದ. ನಾನು ತುಟಿ ಅಲ್ಲಾಡಿಸುತ್ತಿದ್ದೆ.

ಒಂದು ದಿನ ಊಟದ ಮನೆಯ ಬೆಂಚು ಒರೆಸುತ್ತಿದ್ದಾಗ ಅಡುಗೆಯವಳು ಬಂದು, ದೊಡ್ಡಮ್ಮ ಕರೀತಾರೆ ಎಂದಳು. ನಾನು ಒದ್ದೆ ಕೈಯಲ್ಲೇ ಹೋದೆ. ಅವರ ಕೋಣೆಯಲ್ಲಿ ಸಣಕಲು ಹೆಂಗಸೊಬ್ಬಳು ಕುರ್ಚಿಯ ತುದಿಯಲ್ಲಿ ಚೀಲ ಅವುಚಿಕೊಂಡು ಕೂತಿದ್ದಳು. ಅಣ್ಣ ಮೊದಲೇ ಬಂದು ಮೇಜಿನ ಪಕ್ಕ ನಿಂತಿದ್ದ. ಅಮ್ಮ ಅರ್ಧಕ್ಕರ್ಧ ಇಳಿದುಹೋಗಿದ್ದಳು, ಆದರೆ ಅಮ್ಮನೇ.

ಮಕ್ಕಳು ಗುರುತು ಹಿಡಿದರೆ ಕರೆದುಕೊಂಡು ಹೋಗಬಹುದು, ಇಲ್ಲದಿದ್ದರೆ ಗುರುತಿಲ್ಲದವರ ಹಿಂದೆ ಕಳಿಸಲಾಗದು ಎಂದು ದೊಡ್ಡಮ್ಮ ಹೇಳಿದರು. ನೀವು ಮಾತ್ರ ತುಟಿ ಬಿಚ್ಚಕೂಡದು ಎಂದು ಅಮ್ಮನಿಗೆ ತಾಕೀತು ಮಾಡಿದರು. ಆಮೇಲೆ ಎದ್ದು ಬಂದು ಅಣ್ಣನ ಕುತ್ತಿಗೆಯ ಮೇಲೆ ಕೈ ಇಟ್ಟರು.

"ಇವರು ಯಾರು ಅಂತ ಗೊತ್ತಾ? ದೇವರು ಕೇಳಿಸ್ಕೊಳ್ತಿದಾನೆ, ನೋಡ್ಕೊಂಡು ಹೇಳು."

ಅಣ್ಣ ನೆಲ ನೋಡುತ್ತಿದ್ದ.

"ಗೊತ್ತಿಲ್ಲ, ದೊಡ್ಡಮ್ಮ."

ಅಮ್ಮ ಕದಲಲಿಲ್ಲ. ಚೀಲದ ಹಿಡಿಯನ್ನು ಮಾತ್ರ ಹಿಂಡುತ್ತಿದ್ದಳು. ದೊಡ್ಡಮ್ಮನ ಕೈ ಈಗ ನನ್ನ ಕುತ್ತಿಗೆಗೆ ಬಂತು. ಹೌದೆಂದರೆ ಅಣ್ಣ ಸುಳ್ಳನಾಗುತ್ತಾನೆ, ಅವನನ್ನು ಗೋಡೆಗೆ ನಿಲ್ಲಿಸುತ್ತಾರೆ. ಇಲ್ಲವೆಂದರೆ ಅಮ್ಮ ಎದ್ದು ಹೋಗುತ್ತಾಳೆ.

"ಅಮ್ಮ," ಎಂದೆ.

"ಯಾರ ಅಮ್ಮ?"

"ನಮ್ಮಮ್ಮ."

"ಅವನಿಗೆ ಗೊತ್ತಿಲ್ವಂತಲ್ಲ," ಎಂದರು ದೊಡ್ಡಮ್ಮ, ಅದೇ ಮೆದು ದನಿಯಲ್ಲಿ. "ನನ್ನಮ್ಮ ಅನ್ನು."

ನಾನು ಅಣ್ಣನ ಕಡೆ ತಿರುಗಿದೆ. ಅವನು ತಲೆ ಎತ್ತಲಿಲ್ಲ. ಅಷ್ಟರಲ್ಲಿ ಅಮ್ಮ ಎದ್ದು ನನ್ನ ರಟ್ಟೆ ಹಿಡಿದಾಗಿತ್ತು. ಇವಳಿಗೆ ಗುರುತು ಸಿಕ್ಕಿದೆ, ಅಷ್ಟು ಸಾಕು ಎಂದವಳೇ ನನ್ನನ್ನು ಎಳೆದುಕೊಂಡು ಗೇಟು ದಾಟಿದಳು. ಹಿಂದೆ ಪ್ರಾರ್ಥನೆಯ ಗಂಟೆ ಹೊಡೆಯಿತು. ಅಣ್ಣನ ದನಿ ಕೇಳಿಸುತ್ತದೇನೋ ಎಂದು ತಿರುವಿನವರೆಗೂ ಕಿವಿಗೊಟ್ಟೆ. ಬಸ್ಸುಗಳ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ.

ಆಮೇಲೂ ಅಮ್ಮ ಅವನಿಗಾಗಿ ಹೋಗುತ್ತಿದ್ದಳು. ಹುಡುಗ ಬರುವುದಿಲ್ಲ ಅನ್ನುತ್ತಾನೆ ಎಂದು ಪ್ರತಿ ಸಲವೂ ಅದೇ ಉತ್ತರ. ಬರಬರುತ್ತಾ ಹೋಗುವುದನ್ನೇ ಬಿಟ್ಟಳು. ಮನೆಯಲ್ಲಿ ಅವನ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು.

ನಾನು ಓದಿ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸ್ ಆದೆ. ಒಮ್ಮೆ ನಮ್ಮ ವಾರ್ಡಿನ ದೀಪ ಕೆಟ್ಟು ಎಲೆಕ್ಟ್ರಿಷಿಯನ್ ಬಂದಿದ್ದ. ಏಣಿ ಅಲ್ಲಾಡುತ್ತಿತ್ತು. ಸ್ವಲ್ಪ ಹಿಡ್ಕೊಳ್ಳಿ ಸಿಸ್ಟರ್ ಎಂದ. ದನಿ ದಪ್ಪವಾಗಿತ್ತು, ಆದರೆ ಪ್ರಾರ್ಥನೆ ಹೇಳಿಕೊಡುತ್ತಿದ್ದ ದನಿಯೇ. ಕೆಲಸ ಮುಗಿಯುವತನಕ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವನು ಇಳಿದ ಮೇಲೆ ಅಣ್ಣ ಎಂದೆ. ಅವನು ನನ್ನನ್ನು ನೋಡಿದ, ಕೈಯಲ್ಲಿದ್ದ ಇಕ್ಕಳ ನೋಡಿದ, ಮತ್ತೆ ನನ್ನನ್ನು ನೋಡಿದ. ಅಮ್ಮ ಇದ್ದಾಳಾ ಎಂದು ಕೇಳಿದ.

ಭಾನುವಾರ ಮಧ್ಯಾಹ್ನ ಮನೆಗೆ ಬಂದ. ಅಮ್ಮ ತಟ್ಟೆ ತುಂಬ ಬಡಿಸಿದಳು. ನಿಲಯದಲ್ಲಿ ಕಲಿತ ಹಾಗೆಯೇ ಅವನು ತಲೆ ತಗ್ಗಿಸಿ, ಸದ್ದು ಮಾಡದೆ ಉಂಡ. ಅರ್ಧ ಉಂಡವನು ತಲೆ ಎತ್ತದೆಯೇ ಹೇಳಿದ:

"ಅವತ್ತು ನಂಗೆ ನೀನು ಗೊತ್ತಿದ್ದೆ."

"ಗೊತ್ತು ಕಣೋ," ಎಂದಳು ಅಮ್ಮ. "ನಿನ್ನ ಕಾಲು ನಡುಗ್ತಿತ್ತು."

ಅವನ ಕೈ ತಟ್ಟೆಯಲ್ಲೇ ನಿಂತಿತು.

"ಗೊತ್ತಿದ್ದೂ ಬಿಟ್ಟು ಹೋದ್ಯಾ?"

"ನಾನು ಹಟ ಹಿಡಿದಿದ್ರೆ ಇವಳನ್ನೂ ಕೊಡ್ತಿರಲಿಲ್ಲ. ಸಿಕ್ಕಿದವಳನ್ನ ಎಳ್ಕೊಂಡು ಓಡಿದೆ. ಆಮೇಲೆ ಎಷ್ಟು ಸಲ ಬಂದೆ. ನೀನೇ ಬರಲ್ಲ ಅಂದ್ಯಂತೆ."

"ನನ್ನನ್ನ ಯಾರೂ ಕೇಳ್ಲೇ ಇಲ್ಲ."

ಅಮ್ಮ ಸೌಟನ್ನು ಪಾತ್ರೆಯಲ್ಲಿಡಲು ಹೋಗಿ ನೆಲದ ಮೇಲಿಟ್ಟಳು. ಆ ದಿನದ ನಂತರ ಅವಳು ಬಂದಿದ್ದೇ ಅವನಿಗೆ ಗೊತ್ತಿರಲಿಲ್ಲ. ಅಮ್ಮ ನಿಜಕ್ಕೂ ಬಿಟ್ಟು ಹೋದಳೆಂದು ನಂಬಿ, ಅವಳ ಪಾಪಕ್ಕೆ ಕ್ಷಮೆ ಬೇಡುತ್ತಲೇ ಅವನು ದೊಡ್ಡವನಾಗಿದ್ದ. ಆದರೆ ಅವನು ಅಷ್ಟಕ್ಕೇ ಬಿಡಲಿಲ್ಲ. ಅಷ್ಟು ಸಲ ಬಂದವಳು ಕೊನೆಗೆ ಯಾಕೆ ನಿಲ್ಲಿಸಿದೆ ಎಂದು ಕೇಳಿದ. ಅಮ್ಮ ಸುಳ್ಳು ಹೇಳಲಿಲ್ಲ.

"ಸಾಕಾಗಿಹೋಗಿತ್ತು," ಎಂದಳು. "ತಪ್ಪೇ."

ಆಗ ಅಣ್ಣ ಕೂಗಾಡಿದ. ಅವನು ದನಿ ಎತ್ತಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಮ್ಮನೂ ಸುಮ್ಮನಿರಲಿಲ್ಲ, ನಿಂಗೇನು ಗೊತ್ತು ನನ್ನ ಪಾಡು ಎಂದು ತಿರುಗಿ ಬಿದ್ದಳು. ಅಕ್ಕಪಕ್ಕದವರಿಗೆ ಯಾಕೆ ಪುಕ್ಕಟೆ ನಾಟಕ ಎಂದು ನಾನು ಬಾಗಿಲು ಹಾಕಿ ಅಲ್ಲೇ ಒರಗಿ ನಿಂತೆ. ಅವರನ್ನು ತಡೆಯಬೇಕೆನಿಸಲಿಲ್ಲ. ಬೈದು, ಅತ್ತು, ಮತ್ತೆ ಬೈದು, ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರಿಗೂ ಗಂಟಲು ಕಟ್ಟಿತ್ತು. ಅಮ್ಮ ಚಹಾಕ್ಕೆ ನೀರಿಟ್ಟಳು. ಅವನು ಕುಡಿದು, ಮತ್ತೆ ಬರುತ್ತೇನೆ ಎನ್ನದೆ ಹೋದ.

ಇನ್ನು ಬರಲಾರ ಅಂದುಕೊಂಡಿದ್ದೆವು. ಮುಂದಿನ ಭಾನುವಾರ ಬಂದ. ಬಂದು ಕೂತವನೇ ಹಿಂದಿನ ವಾರ ನಿಲ್ಲಿಸಿದ ಮಾತಿನಿಂದಲೇ ಜಗಳ ಶುರುಮಾಡಿದ. ಈಗಲೂ ಹಾಗೆಯೇ. ಅಮ್ಮ ಬೆಳಿಗ್ಗೆಯಿಂದ ಉತ್ತರ ತಯಾರು ಮಾಡಿಕೊಂಡು ಅವನ ದಾರಿ ಕಾಯುತ್ತಾಳೆ.