ಬೆಳ್ಳಮ್ಮನ ಬಿಳಿ ತುರುಬು

ಮೊಣ್ಣಪ್ಪ ಪಾಲಿಬೆಟ್ಟದ ಹತ್ತಿರದ ಬಿಳಿಯರ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಕಾಲಕ್ಕೆ ಅವನ ಹೆಂಡತಿ ಬೆಳ್ಳಮ್ಮನ ತಲೆ ಪೂರ್ತಿ ನೆರೆತಿತ್ತು. ಅವಳ ತವರಿನ ಹೆಂಗಸರಿಗೆಲ್ಲ ನಲವತ್ತಕ್ಕೇ ನೆರೆ. ಬಿಳಿ ಕೂದಲು ಒರಟು, ಎಣ್ಣೆ ಹೆಚ್ಚು ಬೇಡುತ್ತದೆ ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಅದರಂತೆ ಬೆಳ್ಳಮ್ಮ ಬೆಚ್ಚನೆಯ ತೆಂಗಿನೆಣ್ಣೆ ತಿಕ್ಕಿ, ದಾಸವಾಳದ ಎಲೆಯ ಲೋಳೆಯಲ್ಲಿ ತೊಳೆದು, ಎಳೆಬಿಸಿಲಲ್ಲಿ ಒಣಗಿಸಿ ತುರುಬು ಕಟ್ಟುತ್ತಿದ್ದಳು. ಅದರ ಹೊಳಪನ್ನು ಆಳುಗಳ ಲೈನುಮನೆಗಳ ಹೆಂಗಸರು ತಿರುಗಿ ನೋಡುತ್ತಿದ್ದರು.

ಮೊಣ್ಣಪ್ಪನ ದಾರಿ ಬೇರೆ. ಹೊಸದಾಗಿ ಬಂದ ದೊರೆ ಎಳೆ ಪ್ರಾಯದವನು. ಮುದುಕರನ್ನು ಮನೆಗೆ ಕಳಿಸುತ್ತಾನಂತೆ ಎಂಬ ಸುದ್ದಿ ಹಬ್ಬಿತ್ತು. ಅಂದಿನಿಂದ ಮೊಣ್ಣಪ್ಪ ಸಂತೆಯಿಂದ ಕಪ್ಪು ಬಣ್ಣದ ಪುಡಿ ತಂದು ತಲೆಗೂ ಮೀಸೆಗೂ ಹಚ್ಚತೊಡಗಿದ. ನೆತ್ತಿ ಉರಿದರೂ ಬಿಡಲಿಲ್ಲ.

ಒಂದು ಬೆಳಿಗ್ಗೆ ದೊರೆ ಕುದುರೆ ಇಳಿದು ರೈಟರ ಮನೆಯ ಜಗಲಿಗೆ ಬಂದ. ಬೆಳ್ಳಮ್ಮ ಕಾಫಿ ತಂದಿಟ್ಟಳು. ದೊರೆ ಗೌರವದಿಂದ ಎದ್ದು ನಿಂತು, "ರೈಟರ್, ಇವರು ನಿಮ್ಮ ತಾಯಿಯಾ?" ಎಂದು ಕೇಳಿದ.

ಮೊಣ್ಣಪ್ಪ ನೆಲ ನೋಡುತ್ತ ಹೌದೆಂದು ತಲೆಯಾಡಿಸಿದ.

ಬೆಳ್ಳಮ್ಮನಿಗೆ ಚುಚ್ಚಿದ್ದು ದೊರೆಯ ಮಾತಲ್ಲ, ಗಂಡನ ಆ ತಲೆಯಾಟ. ಅವಳು ನೆಟ್ಟಗೆ ನಿಂತಳು.

"ನಾನು ಇವರ ಹೆಂಡತಿ, ದೊರೆ. ಇವರು ನನಗಿಂತ ಆರು ವರ್ಷಕ್ಕೆ ದೊಡ್ಡೋರು. ನನ್ನ ತಲೆ ನೆರೆತದ್ದು ಈ ಮನೇಲಿ ಬದುಕಿ. ಅದ್ರಲ್ಲಿ ಮುಚ್ಚಿಡೋದು ಎಂತ ಉಂಟು?"

ದೊರೆಯ ಮುಖ ಕೆಂಪಾಯಿತು. ತಪ್ಪಾಯಿತೆಂದು ಹೇಳಿ ಕಾಫಿ ಕುಡಿದು ಹೋದ.

ಮೊಣ್ಣಪ್ಪ ಅವಳೊಡನೆ ಮಾತು ಬಿಟ್ಟ. ಆದರೆ ಬಣ್ಣ ಹಚ್ಚಿ ಹಚ್ಚಿ ನೆತ್ತಿಯ ತುಂಬ ಗುಳ್ಳೆ ಎದ್ದಾಗ ತಾನೇ ಬಂದು ಅವಳ ಮುಂದೆ ಕುಳಿತ. ಬೆಳ್ಳಮ್ಮ ಹಂಗಿಸಲಿಲ್ಲ. ಕೂದಲನ್ನು ಸಣ್ಣಗೆ ಕತ್ತರಿಸಿ, ಗುಳ್ಳೆ ಮಾಯುವವರೆಗೆ ಲೋಳೆಸರದ ತಿರುಳು ಹಚ್ಚಿದಳು, ಮಾಯ್ದ ಮೇಲೆ ಎಣ್ಣೆ.

"ಅವತ್ತು ನಾನು ಹಾಗೆ ಮಾಡ್ಬಾರ್ದಿತ್ತು," ಎಂದ ಅವನು ಒಂದು ದಿನ.

"ಹೆದ್ರಿಕೇಲಿ ಮಾಡಿದ್ದು. ಇನ್ನು ಹೆದರ್ಬೇಡಿ," ಎಂದಳು.

ಹೊಸ ಕೂದಲು ಬೆಳ್ಳಗೆ ಮೂಡಿತು. ಮೊಣ್ಣಪ್ಪ ಗುಳ್ಳೆ ಮುಚ್ಚಲು ಸುತ್ತುತ್ತಿದ್ದ ರುಮಾಲನ್ನು ಗೂಟದಲ್ಲೇ ಬಿಟ್ಟು ಹಾಜರಿ ತೆಗೆಯಲು ಹೋದ. ಆಳುಗಳು ಪಿಸುಗುಟ್ಟಿದರು. ದೊರೆ ಆ ತಲೆಯನ್ನು ಒಮ್ಮೆ ನೋಡಿ, ಮೇಲಿನ ಗುಡ್ಡದ ಕಾಫಿ ಪಿಕಿಂಗ್ ಎಂದಿಗೆ ಮುಗಿದೀತು ಎಂದಷ್ಟೇ ಕೇಳಿದ. ಮೊಣ್ಣಪ್ಪ ಹೇಳಿದ ದಿನವನ್ನೇ ದೊರೆ ಒಪ್ಪಿಕೊಂಡ.

ಮುಂದಿನ ಸಂತೆಗೆ ಗಂಡಹೆಂಡಿರು ಒಟ್ಟಿಗೆ ಹೊರಟರು. ಬಟ್ಟೆ ವ್ಯಾಪಾರಿ ಸೀರೆ ಬಿಡಿಸಿ ಹಾಸುತ್ತಿದ್ದ. ಅವನೇನೂ ಕೇಳಿರಲಿಲ್ಲ, ಆದರೂ ಮೊಣ್ಣಪ್ಪ, "ಇವಳು ನನ್ನ ಹೆಂಡತಿ. ಒಳ್ಳೇದು ತೋರ್ಸು," ಎಂದ. ಬೆಳ್ಳಮ್ಮ ತಲೆಯೆತ್ತಿ ಕುಳಿತು, ಕೆಂಪಂಚಿನದೊಂದನ್ನು ಆರಿಸಿಕೊಂಡಳು.