ಜೋಡಿ ಹಾರ್ನು

ಧರ್ಮೇಂದ್ರನ ಬೈಕು ಅವನ ಮಾವ ಮದುವೆಯಲ್ಲಿ ಕೊಡಿಸಿದ್ದು. ಮಾವ ತೀರಿಹೋಗಿ, ಬೈಕಿನ ಬಣ್ಣವೂ ಹೋಗಿ, ಮಗಳು ನಂದಿತಾ ಮದುವೆಯ ವಯಸ್ಸಿಗೆ ಬಂದರೂ ಅವನು ಅದನ್ನು ಮಾರಲಿಲ್ಲ. ಅದರ ಮೇಲೆ ಪ್ರೀತಿ ಎಂದೇನಲ್ಲ, ಬಿಟ್ಟಿ ಬಂದದ್ದನ್ನು ಬಿಡಲು ಮನಸ್ಸಿಲ್ಲ ಅಷ್ಟೆ. ಆ ಬೈಕಿಗೊಂದು ಕಾಯಿಲೆ ಇತ್ತು. ಎಕ್ಸಲರೇಟರ್ ಬಿಟ್ಟರೆ ಆಫ್ ಆಗುತ್ತಿತ್ತು, ಆಫ್ ಆದರೆ ಬೆವರು ಬರುವ ತನಕ ಕಿಕ್ ಹೊಡೆಸುತ್ತಿತ್ತು. ಹಾಗಾಗಿ ಸಂಜೆ ಹುಣಸೂರಿನಿಂದ ಬಂದವನು ಮನೆಯ ಗೇಟಿನ ಮುಂದೆ ಇಳಿಯುತ್ತಿರಲಿಲ್ಲ, ಕೂತಲ್ಲಿಂದಲೇ ಹಾರ್ನ್ ಹೊಡೆಯುತ್ತಿದ್ದ. ಹೆಂಡತಿ ಪ್ರಮೀಳಾ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಗೇಟು ತೆಗೆಯಬೇಕು, ಅವನು ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಪಕ್ಕದವರೆಗೆ ಬುರ್ರನೆ ಹೋಗಿ ನಿಲ್ಲಬೇಕು. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಆ ಹಾರ್ನೇ ಅವಳ ಹೆಸರು.

ಪ್ರಮೀಳಾಗೆ ಕೆಲವು ವರ್ಷಗಳಿಂದ ಕಿವಿ ಮಂದವಾಗುತ್ತ ಬಂದಿತ್ತು. ಅವಳ ತಾಯಿ, ಬಿಳಿಕೆರೆಯ ಚಿಕ್ಕಬೀರಮ್ಮನಿಗೂ ಇದೇ ವಯಸ್ಸಿನಲ್ಲಿ ಹೀಗೇ ಶುರುವಾಗಿತ್ತು. ಸಾಯುವ ಹೊತ್ತಿಗೆ ಆಕೆಯನ್ನು ಊರವರೆಲ್ಲ ಕಿವುಡಮ್ಮ ಎಂದೇ ಕರೆಯುತ್ತಿದ್ದರು. ಪ್ರಮೀಳಾ ತನ್ನ ವಿಷಯ ಗಂಡನಿಗೆ ಹೇಳಲಿಲ್ಲ. ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಊರಿಗೆ ಗೊತ್ತಾಗುತ್ತದೆ, ಊರು ಗಂಡಿನ ಕಡೆಯವರಿಗೆ ಹೇಳುತ್ತದೆ. ಅಜ್ಜಿ ಕಿವುಡಿ, ತಾಯಿ ಕಿವುಡಿ, ನಾಳೆ ಮಗಳು ಏನಾಗುತ್ತಾಳೋ ಎಂದು ಬಂದ ಸಂಬಂಧವೆಲ್ಲ ವಾಪಸು ಹೋಗುತ್ತದೆ. ನಂದಿತಾಳ ಕೊರಳಿಗೆ ತಾಳಿ ಬೀಳುವವರೆಗೆ ಮುಚ್ಚಿಟ್ಟರೆ ಸಾಕು ಎಂದು ಅವಳು ಹಲ್ಲು ಕಚ್ಚಿಕೊಂಡಿದ್ದಳು. ತುಟಿ ನೋಡಿ ಉತ್ತರ ಕೊಡುತ್ತಿದ್ದಳು, ಎಲ್ಲರೂ ನಕ್ಕಾಗ ನಗುತ್ತಿದ್ದಳು. ಇದು ಗೊತ್ತಿದ್ದವಳು ನಂದಿತಾ ಒಬ್ಬಳೇ.

ಗೇಟಿನ ವಿಷಯದಲ್ಲಿ ಮಾತ್ರ ಅವಳಿಗೆ ನಾಯಿಯ ಆಸರೆ ಇತ್ತು. ಕರಿಯ ಎಂಬ ಆ ಮುದಿ ನಾಯಿ ಅಡುಗೆಮನೆ ಬಾಗಿಲಲ್ಲೇ ಮಲಗಿರುತ್ತಿತ್ತು. ಬೈಕು ಊರೊಳಕ್ಕೆ ತಿರುಗಿದರೆ ಸಾಕು, ಎದ್ದು ಬಾಲ ಆಡಿಸುತ್ತಿತ್ತು. ಅದು ಎದ್ದಿತೆಂದರೆ ಪ್ರಮೀಳಾ ಕೈ ಒರೆಸಿಕೊಂಡು ಹೊರಡುತ್ತಿದ್ದಳು. ಎಷ್ಟೋ ಸಲ ಹಾರ್ನ್ ಹೊಡೆಯುವ ಮೊದಲೇ ಗೇಟು ತೆರೆದಿರುತ್ತಿತ್ತು. ಧರ್ಮೇಂದ್ರ ಅದನ್ನು ತನ್ನ ಮೇಲಿನ ಭಯಭಕ್ತಿ ಎಂದು ತಿಳಿದಿದ್ದ. ಗೌರಿಹಬ್ಬಕ್ಕೆ ಮುಂಚೆ ಕರಿಯ ಸತ್ತಿತು.

ಆಮೇಲೆ ಗಂಡ ಗೇಟಿನ ಹೊರಗೆ ನಿಂತು ಹಾರ್ನ್ ಹೊಡೆದದ್ದೇ ಹೊಡೆದದ್ದು. ಹಳೇ ಹಾರ್ನು, ಕುರಿಮರಿ ಅರಚಿದ ಹಾಗೆ ಅದರ ಸದ್ದು. ಎದುರು ಮನೆಯ ಶಿವಣ್ಣ ಜಗಲಿಯಲ್ಲಿ ಕೂತು ತಮಾಷೆ ನೋಡುತ್ತಿದ್ದ.

"ಹೊಡಿ ಹೊಡಿ ಧರ್ಮ, ಪೂಜೆ ಮುಗುದ್ಮೇಲೆ ಗರ್ಭಗುಡಿ ಬಾಗ್ಲು ತೆಗೀತಾರೆ," ಎಂದ ಒಂದು ದಿನ.

ಧರ್ಮೇಂದ್ರನಿಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಬಂದವನೇ ಹೆಂಡತಿಯ ಮೇಲೆ ಹರಿಹಾಯ್ದ. "ಕೊಬ್ಬು ಕಣೇ ನಿಂಗೆ. ಊರ್ ಮುಂದೆ ನನ್ನ ಬೇಕಂತ್ಲೇ ನಿಲ್ಲುಸ್ತೀಯ."

"ಕೊಟ್ಟಿಗೇಲಿದ್ದೆ," ಎಂದಳು ಪ್ರಮೀಳಾ. ಮಾರನೆಯ ದಿನ ಬಚ್ಚಲಲ್ಲಿದ್ದೆ ಎಂದಳು. ಅದರ ಮಾರನೆಯ ದಿನ ಹೇಳಲು ಏನೂ ಉಳಿದಿರಲಿಲ್ಲ, ಸುಮ್ಮನಿದ್ದಳು. ಸುಮ್ಮನಿದ್ದದ್ದಕ್ಕೆ ಎರಡೇಟು ಬಿದ್ದವು. ಹೆಂಡತಿಗೆ ಕೇಳಿಸುತ್ತಿಲ್ಲವೇನೋ ಎಂಬ ಯೋಚನೆ ಆ ಮನುಷ್ಯನ ತಲೆಯ ಹತ್ತಿರವೂ ಸುಳಿಯಲಿಲ್ಲ. ಅಷ್ಟು ವರ್ಷ ಒಂದೇ ಸೂರಿನಡಿ ಉಂಡು ಮಲಗಿದವನು ಅವನು.

ಹುಣಸೂರಿನ ಗ್ಯಾರೇಜಿಗೆ ಹೋಗಿ, ಎಲ್ಲಕ್ಕಿಂತ ಜೋರಾದ ಹಾರ್ನ್ ಹಾಕಿ ಎಂದ. ಮೆಕ್ಯಾನಿಕ್ ಬೈಕನ್ನೂ ಅವನನ್ನೂ ನೋಡಿದ.

"ಈ ಗಾಡಿಗಾ? ಕಾರ್ಗೆ ಆಕೋ ಜೋಡಿ ಹಾರ್ನ್ ಅದೆ. ಆದ್ರೆ ಹಳೇ ವೈರು ತಡ್ಯಲ್ಲ ಕಣಣ್ಣ, ಸುಟ್ಟೋಯ್ತದೆ. ಬೇರೆ ವೈರ್ ಎಳ್ದು ರಿಲೇ ಕೂರುಸ್ಬೇಕು. ಬ್ಯಾಟ್ರಿನೂ ಹೊಸ್ದಾಗ್ಬೇಕು."

"ಕೂರ್ಸು."

"ಹೈವೇಲಿ ಓಡುಸ್ತೀಯಾ?"

"ಇಲ್ಲ ಕಣೋ. ಮನೆ ಮುಂದೆ ಹೊಡ್ಯಾಕೆ."

ಮೆಕ್ಯಾನಿಕ್ ಮುಂದಿನ ಗಾರ್ಡಿನ ಎರಡೂ ಪಕ್ಕ ಪಟ್ಟಿ ಬಿಗಿದು, ಎರಡು ಕೆಂಪು ಹಾರ್ನು ಕೂರಿಸಿದ. ಒತ್ತಿ ನೋಡಿದಾಗ ಪಕ್ಕದ ಟೀ ಅಂಗಡಿಯಲ್ಲಿ ಒಬ್ಬ ಲೋಟ ಚೆಲ್ಲಿಕೊಂಡ. ಧರ್ಮೇಂದ್ರನ ಮುಖ ಅರಳಿತು.

ಅಂದು ಸಂಜೆ ಅವನು ತಿರುವಿನಲ್ಲೇ ಹೊಡೆದ. ಆಗ ತಾನೇ ಹುಣಸೂರಿನ ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಬಂದಿದ್ದ ನಂದಿತಾ ಓಡಿ ಬಂದು ಗೇಟು ತೆರೆದಳು. ಅವತ್ತಿನಿಂದ ಅಪ್ಪನಿಗಿಂತ ಮುಂಚಿನ ಬಸ್ಸಿಗೆ ಬರುವುದು, ಸದ್ದು ಕೇಳಿದ ಕೂಡಲೇ ಗೇಟಿಗೆ ಓಡುವುದು ಅವಳ ಕೆಲಸವಾಯಿತು. ಧರ್ಮೇಂದ್ರನಿಗೆ ಬಲು ಖುಷಿ. ಮನೆಯ ಹೆಂಗಸರು ಹದಕ್ಕೆ ಬಂದರು ಎಂದು ಶಿವಣ್ಣನ ಮುಂದೆ ಹೇಳಿಕೊಂಡ.

ಕಾರ್ತೀಕದಲ್ಲಿ ಪಿರಿಯಾಪಟ್ಟಣದ ಕಡೆಯಿಂದ ಒಳ್ಳೆಯ ಸಂಬಂಧ ಬಂತು. ಹುಡುಗ ಕಾಲೇಜಿನಲ್ಲಿ ಗುಮಾಸ್ತ, ಮನೆಯವರು ಸ್ಥಿತಿವಂತರು. ನಂದಿತಾಗೂ ಫೋಟೋ ಹಿಡಿಸಿತ್ತು. ಮಿಕ್ಕವರು ಕಾರಿನಲ್ಲಿ ಬರುವವರಿದ್ದರು. ಹುಡುಗನ ದೊಡ್ಡಪ್ಪ ಸಣ್ಣಬೀರಯ್ಯ ಬೇರೆ ಕೆಲಸ ಮುಗಿಸಿ ಮುಂಚೆಯೇ ಬಸ್ಸಿನಲ್ಲಿ ಬಂದಿಳಿದರು. ಧರ್ಮೇಂದ್ರ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಊರೊಳಕ್ಕೆ ತಂದ.

ಬೀದಿಯಲ್ಲಿ ಮುಂದೆ ಪ್ರಮೀಳಾ ಹೋಗುತ್ತಿದ್ದಳು. ಮನೆಯ ಮೊಸರು ಸಾಲದೆ ಬೀದಿ ಕೊನೆಯ ಮನೆಯಿಂದ ಮೊಸರು ಈಸಿಕೊಂಡು ಬರುತ್ತಿದ್ದಳು. ಧರ್ಮೇಂದ್ರನಿಗೆ ದೊಡ್ಡವರ ಮುಂದೆ ತನ್ನ ದರ್ಬಾರು ತೋರಿಸುವ ಆಸೆ. ಹಿಂದೆ ಹೋಗಿ ಹಾರ್ನ್ ಒತ್ತಿದ. ಕಟ್ಟಿದ್ದ ಹಸು ಹಗ್ಗ ಜಗ್ಗಿ ಒದ್ದಾಡಿತು. ಶಿವಣ್ಣ ಜಗಲಿಯಿಂದ ಎದ್ದು ನಿಂತ. ಪ್ರಮೀಳಾ ಮಾತ್ರ ಮೊಸರು ತುಳುಕದ ಹಾಗೆ ನಿಧಾನ ಹೆಜ್ಜೆ ಹಾಕುತ್ತ ನಡುರಸ್ತೆಯಲ್ಲೇ ಹೋದಳು. ಇವನು ಸಿಟ್ಟಿನಿಂದ ಬೆರಳು ತೆಗೆಯದೆ ಒತ್ತಿ ಹಿಡಿದ. ಊರೆಲ್ಲ ಬಾಗಿಲಿಗೆ ಬಂತು. ಶಿವಣ್ಣ ಕೈ ಬೀಸಿ ಹಿಂದೆ ತೋರಿಸಿದಾಗಲೇ ಅವಳು ತಿರುಗಿದ್ದು. ಹಿಂದೆಯೇ ಬೈಕಿನ ಚಕ್ರ, ಅದರ ಮೇಲೆ ಗಂಡ, ಗಂಡನ ಹಿಂದೆ ಬೀಗರು. ಅವಳು ಮೊಸರಿನ ಪಾತ್ರೆಯನ್ನು ಎದೆಗವಚಿಕೊಂಡು ಬದಿಗೆ ಸರಿದಳು.

"ಏನೋ ಯೋಚ್ನೇಲವ್ಳೆ," ಎಂದು ಧರ್ಮೇಂದ್ರ ಪೆಚ್ಚಾಗಿ ನಕ್ಕ.

ಸಣ್ಣಬೀರಯ್ಯ ಇಳಿದು ನಡೆದೇ ಮನೆಗೆ ಬಂದರು. ಪ್ರಮೀಳಾ ಬೆನ್ನು ಮಾಡಿ ತಟ್ಟೆ ಒರೆಸುತ್ತಿದ್ದಾಗ ಹಿಂದಿನಿಂದ, "ತಂಗಿ, ಒಂದ್ ಲೋಟ ನೀರು ಕೊಡವ್ವ," ಎಂದರು. ಅವಳು ಒರೆಸುತ್ತಲೇ ಇದ್ದಳು. ನಂದಿತಾ ನೀರು ತಂದುಕೊಟ್ಟಳು. ಅವರು ಕುಡಿದು, ಲೋಟವನ್ನು ಕೆಳಗಿಟ್ಟು, ಹುಡುಗಿಯನ್ನು ಪಾಪ ಎನ್ನುವಂತೆ ನೋಡಿದರು. ಕಾರಿನವರು ಬಂದರು, ಉಪ್ಪಿಟ್ಟು ಕೇಸರಿಬಾತು ತಿಂದರು, ಹೋದರು. ನಾಲ್ಕು ದಿನಕ್ಕೆ ಫೋನ್ ಬಂತು. ಹುಡುಗಿ ಚೆನ್ನಾಗವ್ಳೆ, ಜಾತ್ಕ ಕೂಡ್ಬರ್ನಿಲ್ಲ ಎಂದರು. ಜಾತಕವನ್ನು ಅವರು ಕೇಳಿಯೇ ಇರಲಿಲ್ಲ.

ಧರ್ಮೇಂದ್ರನಿಗೆ ಅಂತೂ ಅರ್ಥವಾಯಿತು. ಅರ್ಥವಾದದ್ದು ಇಷ್ಟು: ತನಗೆ ಮೋಸವಾಗಿದೆ.

"ನಿಮ್ಮವ್ವನ ರೋಗ ತಂದು ನನ್ ಮನೇಗ್ ಆಕುದ್ಯಲ್ಲೇ," ಎಂದು ಕೂಗಿದ. ಈಗಲಾದರೂ ಕೇಳಲಿ ಎಂದು ಕಿವಿಯ ಹತ್ತಿರ ಬಾಯಿಟ್ಟು ಕೂಗಿದ.

"ಮೈಸೂರ್ಗೆ ಕರ್ಕೊಂಡೋಗಿ ಕಿವಿಗೆ ಮಿಷನ್ ಹಾಕ್ಸಣ ಅಪ್ಪ," ಎಂದಳು ನಂದಿತಾ.

"ಅದ ಸಿಗಸ್ಕೊಂಡು ಕೂತ್ರೆ, ನೋಡಕ್ ಬಂದೋರು ಕುರುಡ್ರಾ? ನಿನ್ ಮದ್ವೆ ಆಗೋಗಂಟ ನಿಮ್ಮವ್ವ ಬಿಳಿಕೆರೇಲಿರ್ಲಿ. ಆಮೇಲ್ ಬೇಕಾದ್ದ ಹಾಕುಸ್ಕೊಳ್ಲಿ."

ಪ್ರಮೀಳಾ ಗಂಡನ ತುಟಿ ನೋಡುತ್ತಿದ್ದಳು. ಮಾತು ಮುಗಿದ ಮೇಲೆ ಒಳಗೆ ಹೋಗಿ ಬ್ಯಾಗಿಗೆ ಸೀರೆ ತುಂಬಿಕೊಂಡಳು. ಅವಳೇ ಒಪ್ಪಿ ಹೋದಳು ಎಂದು ಧರ್ಮೇಂದ್ರ ಈಗಲೂ ಹೇಳುತ್ತಾನೆ. ನೀನಿದ್ದರೆ ಮಗಳ ಮದುವೆ ನಿಲ್ಲುತ್ತದೆ ಎಂದರೆ ಯಾವ ತಾಯಿ ಒಪ್ಪುವುದಿಲ್ಲ? ತವರಿನ ಬೈಕಿನಲ್ಲೇ ಅವಳನ್ನು ತವರಿಗೆ ಬಿಟ್ಟು, ಅಲ್ಲಿ ಮನೆ ನೋಡಿಕೊಂಡಿದ್ದ ನಾದಿನಿ ಕೊಟ್ಟ ಕಾಫಿಯನ್ನೂ ಕುಡಿಯದೆ ಬಂದ. ನಂದಿತಾ ಒಂದು ವಾರ ಅವನ ಹತ್ತಿರ ಮಾತಾಡಲಿಲ್ಲ. ಅವನಿಗೆ ಅದು ಗೊತ್ತಾಗಲೂ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಕೊಪ್ಪದಲ್ಲಿ ಅಂಗಡಿ ಇಟ್ಟಿದ್ದ ಮನೆಯವರು ಬಂದರು. ಹುಡುಗ, ಅವನ ತಂದೆ, ತಾಯಿ. ಮಾತು ಸರಾಗವಾಗಿ ನಡೆಯಿತು. ಹುಡುಗನಿಗೆ ಒಪ್ಪಿಗೆ ಎಂದು ಮುಖದಲ್ಲೇ ಕಾಣುತ್ತಿತ್ತು. ನಂದಿತಾ ಕಾಫಿ ಕೊಡುತ್ತಿದ್ದಾಗ ಹುಡುಗನ ತಾಯಿ ಸುತ್ತ ನೋಡಿ, "ಹುಡ್ಗಿ ತಾಯಿ ಎಲ್ಲಿ, ಕಾಣ್ತಾ ಇಲ್ವಲ್ಲ?" ಎಂದು ಕೇಳಿದರು.

"ಅವ್ಳ ಅಕ್ಕಂಗೆ ಆಪ್ರೇಸನ್ ಆಗದೆ. ನೋಡ್ಕೊಳಕ್ಕೆ ಹೋಗವ್ಳೆ," ಎಂದ ಧರ್ಮೇಂದ್ರ.

ನಂದಿತಾ ತಟ್ಟೆಯನ್ನು ಕೆಳಗಿಟ್ಟಳು.

"ನಮ್ಮವ್ವಂಗೆ ಅಕ್ಕನೂ ಇಲ್ಲ, ಆಪ್ರೇಸನ್ನೂ ಇಲ್ಲ. ಅವ್ವಂಗೆ ಕಿವಿ ಕೇಳ್ಸಲ್ಲ. ನೀವು ನೋಡ್ಬಾರ್ದು ಅಂತ ಬಿಳಿಕೆರೇಲಿ ಬುಟ್ಟವ್ರೆ. ನಮ್ಮಜ್ಜಿಗೂ ಕೇಳ್ತಿರ್ನಿಲ್ಲ."

ಧರ್ಮೇಂದ್ರ ಎದ್ದು ನಿಂತ. "ಒಳಿಕ್ಕೆ ಹೋಗು ನೀನು."

ಅವಳು ಹೋಗಲಿಲ್ಲ. ಹುಡುಗನ ತಾಯಿಯ ಕಡೆಗೇ ತಿರುಗಿ, "ನಂಗೂ ಮುಂದೆ ಅಂಗಾಗ್ಬೋದು," ಎಂದಳು. "ಆದ್ರೆ ನೀವು ನನ್ನ ಎಲ್ಲಿ ಬುಡ್ತೀರಿ? ಅದೊಂದ ಈಗ್ಲೇ ಹೇಳ್ಬುಡಿ."

ಆ ಹೆಂಗಸು ಗಂಡನ ಮುಖ ನೋಡಿದರು, ಮಗನ ಮುಖ ನೋಡಿದರು. ಹುಡುಗ ತಲೆ ತಗ್ಗಿಸಿದ್ದ. "ಇಂತ ಮಾತೆಲ್ಲ ಹೆಣ್ಮಕ್ಳು ಆಡ್ಬಾರ್ದು ಕಣವ್ವ," ಎಂದು ಅರ್ಧ ಕುಡಿದ ಕಾಫಿಯನ್ನು ಪಕ್ಕಕ್ಕಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡರು.

ನಂದಿತಾ ಉತ್ತರಕ್ಕಾಗಿ ಇನ್ನೂ ನಿಂತೇ ಇದ್ದಳು.